ಈಚಲ ಬುಡದ ಹಬ್ಬ

ಈಚಲು ಮರದ ರಸ ತಾನಾಗಿ ಹುದುಗೆದ್ದರೆ ಹೆಂಡ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗರ ಬಾಯಲ್ಲಿ ಅದು ‘ಯೆಂಡ’. ಅಬಕಾರಿ ಇಲಾಖೆಯ ಕಡತದಲ್ಲಿ ‘ಸೇಂದಿ’, ಕರಾವಳಿಗೆ ಇಳಿದರೆ ‘ಕಳ್ಳು’. ಅದರಲ್ಲಿರುವ ಮದ್ಯಸಾರ ನೂರಕ್ಕೆ ನಾಲ್ಕರಿಂದ ಆರು ಪಾಲು. ಸಾಧಾರಣ ಬಿಯರಿನದೂ ಹೆಚ್ಚುಕಡಿಮೆ ಅಷ್ಟೇ. ಬಿಯರಿನಂತೆಯೇ ಇದಕ್ಕೂ ನೊರೆಯುಂಟು, ಇದೂ ಹೊಟ್ಟೆ ತುಂಬಿಸುತ್ತದೆ, ಇದನ್ನೂ ನಾಲ್ಕು ಜನ ಗೆಳೆಯರು ಸುತ್ತ ಕೂತು ಕುಡಿಯುವುದೇ ವಾಡಿಕೆ. ಈ ಬಯಲುಸೀಮೆಯ ಊರಬಿಯರ್ ಯಾವುದೆಂದು ಯಾರಾದರೂ ಕೇಳಿದರೆ ಹೆಂಡದತ್ತಲೇ ಕೈ ತೋರಿಸಬೇಕು. ಆದರೆ ಬಿಯರಿಗೆ ಮ್ಯೂನಿಕ್‌ನಲ್ಲಿ ಲಕ್ಷಾಂತರ ಜನ ಸೇರುವ ಹಬ್ಬವಿದೆ, ಬೆಂಗಳೂರಿನಲ್ಲೂ ಅದರ ಪಡಿಯಚ್ಚು ನಡೆದಿದೆ. ಹೆಂಡಕ್ಕೆ ಅಂಥ ಹಬ್ಬ ಎಂದೂ ಕೂಡಿಬರಲಿಲ್ಲ. ಅದರ ಅರ್ಧ ಕಾರಣ ಮರದ ಸ್ವಭಾವದಲ್ಲಿದೆ, ಇನ್ನರ್ಧ ಸರ್ಕಾರದ ಬೊಕ್ಕಸದಲ್ಲಿದೆ.

ಈಚಲು ಖರ್ಜೂರದ ದಾಯಾದಿ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಫೀನಿಕ್ಸ್ ಸಿಲ್ವೆಸ್ಟ್ರಿಸ್, ಅಂದರೆ ಕಾಡು ಖರ್ಜೂರ. ಯಾರೂ ನೆಟ್ಟು ನೀರೆರೆಯದಿದ್ದರೂ ಕೆರೆಯ ಹಿಂದೆ, ಹಳ್ಳದ ದಡದಲ್ಲಿ, ಉಪ್ಪು ಬೆಳೆದು ರಾಗಿಗೆ ಬಾರದ ಜವುಗು ನೆಲದಲ್ಲಿ ತಾನೇ ಹುಟ್ಟಿ ಗುಂಪುಗುಂಪಾಗಿ ನಿಲ್ಲುತ್ತದೆ. ತುಮಕೂರು ಜಿಲ್ಲೆಯಲ್ಲಿ ಕೆರೆಗಳು ಹೆಚ್ಚು, ಹಳ್ಳಗಳು ಹೆಚ್ಚು, ಹಾಗಾಗಿ ಈಚಲಿಗೂ ಕೊರತೆಯಿರಲಿಲ್ಲ. ಗರಿಯಿಂದ ಚಾಪೆ ಮತ್ತು ಪೊರಕೆ ಆಗುತ್ತದೆ. ಬೇಸಿಗೆ ಮುಗಿಯುವಾಗ ಹಣ್ಣಾಗುವ ಗೊಂಚಲು ದನ ಕಾಯುವ ಹುಡುಗರ ಪಾಲು. ಹಣ್ಣಿನಲ್ಲಿ ಬೀಜವೇ ಹೆಚ್ಚು, ತಿರುಳು ಹೆಸರಿಗಷ್ಟೆ. ಇಷ್ಟೆಲ್ಲ ಉಪಕಾರ ಮಾಡಿದರೂ ಮರಕ್ಕೆ ಬಂದ ಹೆಸರು ಮಾತ್ರ ಹೆಂಡದ್ದೇ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಕುಡಿದರೆನ್ನುತ್ತಾರೆ ಎಂಬ ಗಾದೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತು. ಆ ಗಾದೆ ಹುಟ್ಟಬೇಕಾದರೆ ಮರದ ಬುಡದಲ್ಲಿ ಜನ ಕೂರುತ್ತಿದ್ದರೆಂಬುದು ದಿಟವಾಗಿರಬೇಕು.

ತೆಂಗು, ತಾಳೆ, ಮಲೆನಾಡಿನ ಬಗನಿ, ಈ ಮೂರರಲ್ಲೂ ರಸ ಇಳಿಸುವುದು ಹೊಂಬಾಳೆಯಿಂದ. ಈಚಲಿನ ಕ್ರಮವೇ ಬೇರೆ. ಗಡಿಗೆ ಕಟ್ಟುವವನು ಸೊಂಟಕ್ಕೂ ಮರಕ್ಕೂ ಹಗ್ಗ ಬಿಗಿದು ಮೇಲೇರುತ್ತಾನೆ. ಮಂಡೆಯ ಕೆಳಗೆ ಒಂದು ಮಗ್ಗುಲಿನ ಗರಿಗಳನ್ನೆಲ್ಲ ಸವರಿ, ಒಳಗಿನ ಬಿಳಿಯ ಎಳೆಕಾಂಡ ಕಾಣುವವರೆಗೆ ಸಿಪ್ಪೆ ಹೆರೆಯುತ್ತಾನೆ. ಆ ಜಾಗ ಕೆಲವು ದಿನ ಗಾಳಿಗೆ ಆರಿದ ಮೇಲೆ ಹರಿತವಾದ ಕತ್ತಿಯಿಂದ ಕಚ್ಚು ಹಾಕಿ, ಬಿದಿರ ಸೀಳನ್ನು ಸಿಕ್ಕಿಸಿ, ಕೆಳಗೆ ಗಡಿಗೆ ಕಟ್ಟುತ್ತಾನೆ. ಸಂಜೆ ಕಟ್ಟಿದ ಗಡಿಗೆಯನ್ನು ಬೆಳಗಿನ ಜಾವ ಇಳಿಸಬೇಕು. ರಾತ್ರಿಯ ತಂಪಿನಲ್ಲಿ ರಸ ಚೆನ್ನಾಗಿ ಸುರಿಯುತ್ತದೆ, ಸಿಹಿಯೂ ಹೆಚ್ಚು. ಬಿಸಿಲೇರಿದರೆ ಹರಿವು ಕುಗ್ಗುತ್ತದೆ, ಹುಳಿಯೂ ಬೇಗ ಹತ್ತುತ್ತದೆ. ಪ್ರತಿದಿನವೂ ಕಚ್ಚನ್ನು ಒಂದು ಎಳೆಯಷ್ಟು ತೆಳ್ಳಗೆ ಹೆರೆದು ಹೊಸ ಗಾಯ ಮಾಡುತ್ತಿರಬೇಕು. ಕೈ ಸ್ವಲ್ಪ ಆಳಕ್ಕೆ ಹೋದರೆ ಮರ ಸಾಯುತ್ತದೆ, ಹಿಂಜರಿದರೆ ರಸ ನಿಲ್ಲುತ್ತದೆ. ಹೀಗೆ ಕೆಲವು ದಿನ ಕೆತ್ತಿ, ಕೆಲವು ದಿನ ಬಿಡಬೇಕು. ಒಂದು ವರ್ಷ ಮರದ ಈ ಮಗ್ಗುಲು ಕೆತ್ತಿದರೆ ಮುಂದಿನ ಸಲ ಎದುರು ಮಗ್ಗುಲು. ಹಳೆಯ ಮರದ ಕಾಂಡ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಕಾಣುವುದು ಇದರಿಂದಲೇ.

ಈ ಕಸುಬು ಹಳೆಯ ಮೈಸೂರಿನಲ್ಲಿ ಹೆಚ್ಚಾಗಿ ಈಡಿಗರದು. ಕಸುಬಿನ ಹಳಮೆಗೆ ಒಂದು ಸಾಕ್ಷಿ ಬೇಕಾದರೆ 12ನೇ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನ ಹೆಸರಿದೆ. ಹೆಂಡ ಮಾರುತ್ತಿದ್ದವನು ಆ ಕಾಯಕದ ಹೆಸರಿನಿಂದಲೇ ವಚನಕಾರನಾಗಿ ಉಳಿದ. ಕುಡಿತವನ್ನು ಒಪ್ಪದ ಪಂಥವೊಂದು ಹೆಂಡ ಮಾರುವವನಿಗೆ ತನ್ನ ಸಾಲಿನಲ್ಲಿ ಜಾಗ ಕೊಟ್ಟದ್ದು ಕನ್ನಡ ನಾಡಿನ ವಿಚಿತ್ರಗಳಲ್ಲಿ ಒಂದು.

ಗಡಿಗೆಗೆ ಬಿದ್ದ ತಾಜಾ ರಸ ಅಚ್ಚ ಸಿಹಿ. ಅದರಲ್ಲಿ ನೂರಕ್ಕೆ ಹತ್ತು ಪಾಲಿಗೂ ಮೀರಿ ಸಕ್ಕರೆಯಿರುತ್ತದೆ, ಅದೂ ಕಬ್ಬಿನಲ್ಲಿರುವ ಜಾತಿಯದೇ. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ, ಅದು ನೀರಾ. ಕಾಯಿಸಿದರೆ ಬೆಲ್ಲ. ಬಂಗಾಳದವರು ಚಳಿಗಾಲದಲ್ಲಿ ಆಸೆಪಟ್ಟು ತಿನ್ನುವ ನೊಲೆನ್ ಗುಡ್ ಇದೇ ಈಚಲಿನ ಬೆಲ್ಲ. ಸುಣ್ಣ ಬಳಿಯದಿದ್ದರೆ ಗಾಳಿಯಲ್ಲಿ, ಗಡಿಗೆಯ ಮಣ್ಣಿನಲ್ಲಿ, ಕಚ್ಚಿನ ಗಾಯದಲ್ಲಿ ಕಾದು ಕೂತಿರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಒಡನೆ ಕೆಲಸಕ್ಕೆ ಇಳಿಯುತ್ತವೆ. ಯೀಸ್ಟು ಸಕ್ಕರೆಯನ್ನು ಒಡೆದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಹೆಂಡದ ನೊರೆ ಆ ಅನಿಲದ್ದು. ಮೊಸರಿನಲ್ಲಿರುವ ಬಳಗದ ಬ್ಯಾಕ್ಟೀರಿಯಾಗಳು ಹುಳಿ ಸೇರಿಸುತ್ತವೆ. ಗಡಿಗೆ ಇಳಿಸುವ ಹೊತ್ತಿಗೇ ಅರ್ಧ ಹೆಂಡವಾಗಿರುತ್ತದೆ, ಮಧ್ಯಾಹ್ನಕ್ಕೆ ಪೂರ್ತಿ. ಮರುದಿನ ಮತ್ತೊಂದು ತಂಡದ ಬ್ಯಾಕ್ಟೀರಿಯಾ ಬಂದು ಮದ್ಯಸಾರವನ್ನು ವಿನೆಗರ್ ಮಾಡಲು ತೊಡಗುತ್ತದೆ. ಆಮೇಲೆ ಅದನ್ನು ಕುಡಿಯುವವನು ಗೆಳೆಯರ ಮುಂದೆ ಪಂದ್ಯ ಕಟ್ಟಿದವನೇ ಆಗಿರಬೇಕು.

ಬಿಯರಿನ ದಾರಿ ಇದಕ್ಕಿಂತ ಉದ್ದ. ಬಾರ್ಲಿ ಕಾಳಿನಲ್ಲಿರುವುದು ಪಿಷ್ಟ. ಪಿಷ್ಟವನ್ನು ಯೀಸ್ಟು ನೇರವಾಗಿ ತಿನ್ನಲಾರದು. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಕುಟ್ಟಿ, ಬಿಸಿನೀರಲ್ಲಿ ಕಲಸಿದಾಗ ಮೊಳಕೆಯ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆಮೇಲೆ ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕಬೇಕು. ಮ್ಯೂನಿಕ್ ಸೀಮೆಯ, ಅಂದರೆ ಬವೇರಿಯಾದ ಲಾಗರ್ ಬಿಯರ್ ಆದರೆ ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಮಲಗಿಸಬೇಕು. ಈಚಲು ಮರ ಇದೆಲ್ಲ ತಲೆನೋವನ್ನು ತನ್ನ ಕುತ್ತಿಗೆಯಲ್ಲೇ ಮುಗಿಸಿಕೊಟ್ಟು ಸಿದ್ಧ ಸಕ್ಕರೆನೀರನ್ನು ಗಡಿಗೆಗೆ ಸುರಿಸುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ತುಮಕೂರು ರಾಗಿಯ ಜಿಲ್ಲೆ. ಮೊಳಕೆ ರಾಗಿಯಲ್ಲಿ ಪಿಷ್ಟ ಒಡೆಯುವ ಕಿಣ್ವ ಧಾರಾಳವಾಗಿದೆ. ಎಳೆಮಕ್ಕಳಿಗೆ ಮೊಳಕೆ ರಾಗಿಯ ಸರಿ ಬೇಗ ಅರಗುವುದು ಅದರಿಂದಲೇ. ರಾಗಿಯ ತವರಾದ ಪೂರ್ವ ಆಫ್ರಿಕಾದಲ್ಲಿ, ಉಗಾಂಡಾದ ತೆಸೊ ಜನ ಅದೇ ರಾಗಿಯಿಂದ ‘ಅಜೋನ್’ ಎಂಬ ಬಿಯರ್ ಮಾಡುತ್ತಾರೆ. ನಡುವೆ ಒಂದು ದೊಡ್ಡ ಮಡಕೆ ಇಟ್ಟು, ಸುತ್ತ ಕೂತ ಗೆಳೆಯರೆಲ್ಲ ಮಾರುದ್ದದ ಕೊಳವೆಗಳನ್ನು ಅದರಲ್ಲಿ ಅದ್ದಿ ಹೀರುತ್ತಾರೆ. ಪೂರ್ವ ನೇಪಾಳ ಮತ್ತು ಸಿಕ್ಕಿಂನಲ್ಲಿ ಹುದುಗಿಸಿದ ರಾಗಿಯನ್ನು ಪಾತ್ರೆಗೆ ತುಂಬಿ ಬಿಸಿನೀರು ಹೊಯ್ದು ಬಿದಿರಿನ ನಳಿಕೆಯಲ್ಲಿ ಕುಡಿಯುವ ‘ತೊಂಗ್ಬಾ’ ಇದೆ. ಒಡಿಶಾದ ಕೊರಾಪುಟ್ ಕಡೆಯ ಆದಿವಾಸಿಗಳಲ್ಲಿ ರಾಗಿಯ ‘ಲಾಂದಾ’ ಇದೆ. ಕನ್ನಡದ ಬಯಲಿನಲ್ಲಿ ಮಾತ್ರ ರಾಗಿ ಮುದ್ದೆಯಾಯಿತು, ಅಂಬಲಿಯಾಯಿತು, ರೊಟ್ಟಿಯಾಯಿತು, ಮದ್ಯವಾಗಲಿಲ್ಲ. ಮುದ್ದೆಗೇ ಸಾಲದ ಕಾಳನ್ನು ಮಡಕೆಗೆ ಸುರಿಯುವುದೇಕೆ ಎಂದು ಒಕ್ಕಲುಮಕ್ಕಳು ಲೆಕ್ಕ ಹಾಕಿರಬಹುದು. ಅದಕ್ಕಿಂತ ಸರಳವಾದ ಉತ್ತರವೂ ಇದೆ. ಕೆರೆಯ ಹಿಂದೆ ಈಚಲು ನಿಂತಿರುವಾಗ ಕಾಳು ಮೊಳಕೆ ಬರಿಸುವ ದುಡಿಮೆ ಯಾರಿಗೆ ಬೇಕು? ಈಚೆಗೆ ಬೆಂಗಳೂರಿನ ಕೆಲವು ಕಿರು ಬ್ರೂವರಿಗಳು ರಾಗಿ ಬೆರೆಸಿದ ಬಿಯರ್ ಮಾಡಿ ನೋಡಿವೆ. ಆಫ್ರಿಕಾದಲ್ಲಿ ಹುಟ್ಟಿದ ಯೋಚನೆ ಇಲ್ಲಿಗೆ ಬರಲು ರಾಗಿಗಿಂತ ಕೆಲವು ಸಾವಿರ ವರ್ಷ ತಡಮಾಡಿತು.

ಹೆಂಡ ಮಾರುವ ಜಾಗಕ್ಕೆ ಹಳೆಯ ಮೈಸೂರಿನಲ್ಲಿ ಪೆಂಟೆ ಎನ್ನುತ್ತಿದ್ದರು. ಊರ ಹೊರಗೆ, ತೋಪಿನ ಹತ್ತಿರ, ಗರಿ ಹೊದಿಸಿದ ಒಂದು ಚಪ್ಪರ. ಒಳಗೆ ಪೀಪಾಯಿ ಅಥವಾ ಗುಡಾಣ, ಅಳೆದು ಕೊಡಲು ಮೊಗೆ, ಕೂರಲು ನೆಲ. ಹೊರಗೆ ಹುರಿಗಡಲೆ, ಬೇಯಿಸಿದ ಕಾಳು, ಬೋಟಿ, ಕೆರೆಮೀನು ಮಾರುವ ಹೆಂಗಸರು. ಖಾರ ಜೋರಾಗಿದ್ದಷ್ಟೂ ಮೊಗೆ ಬೇಗ ಬರಿದಾಗುತ್ತದೆಂಬುದು ವ್ಯಾಪಾರದ ಗುಟ್ಟು. ಅದನ್ನು ಇಂದಿನ ಬಾರುಗಳು ಇನ್ನೂ ಮರೆತಿಲ್ಲ. ಪೆಂಟೆಗೆ ಒಬ್ಬೊಬ್ಬರೇ ಹೋಗುವುದು ಕಡಿಮೆ. ಕೂಲಿ ಮುಗಿಸಿದವರು, ಸಂತೆಯಲ್ಲಿ ಕುರಿ ಮಾರಿ ಕೈಯಲ್ಲಿ ಕಾಸು ಹಿಡಿದವರು, ಗಾರೆ ಕೆಲಸದ ಜೊತೆಗಾರರು ಗುಂಪಾಗಿ ಬರುತ್ತಿದ್ದರು. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಪುಸ್ತಕದ ನಾಯಕ ಇಂಥ ಪೆಂಟೆಯ ಗಿರಾಕಿ. ಕನ್ನಡ ಪಾಠ ಹೇಳುವ ಮೇಷ್ಟರೊಬ್ಬರು ಹೆಂಡಗುಡುಕನ ಬಾಯಿಮಾತಿನಲ್ಲಿ, ಪೆಂಟೆಯ ಕನ್ನಡದಲ್ಲೇ ಪದ್ಯ ಕಟ್ಟಿದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಬಳಿಕ ಅವು ಹೆಂಡ ಮುಟ್ಟದ ಮನೆಗಳಲ್ಲೂ ಭಾವಗೀತೆಗಳಾಗಿ ಮೊಳಗಿದವು.

ಪೆಂಟೆಯ ಕೂಟ ದಿನದಿನವೂ ನಡೆಯುತ್ತಿತ್ತು. ಅದು ಹಬ್ಬವಾಗದೆ ಉಳಿದದ್ದೂ ಅದೇ ಕಾರಣಕ್ಕೆ. ಹಬ್ಬಕ್ಕೆ ದಾಸ್ತಾನು ಬೇಕು. ಬವೇರಿಯಾದಲ್ಲಿ 1553ರ ಒಂದು ಕಟ್ಟಳೆಯಂತೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿಯರ್ ಕುದಿಸುವಂತಿರಲಿಲ್ಲ. ಬೇಸಿಗೆಯಲ್ಲಿ ಬಿಯರ್ ಕೆಡುತ್ತಿತ್ತು, ಬೆಂಕಿಯ ಭಯವೂ ಇತ್ತು. ಹಾಗಾಗಿ ಮಾರ್ಚಿನಲ್ಲಿ ಗಟ್ಟಿಯಾದ ಬಿಯರ್ ಕುದಿಸಿ ತಂಪು ನೆಲಮಾಳಿಗೆಗಳಲ್ಲಿ ತುಂಬಿಡುತ್ತಿದ್ದರು. ಅಕ್ಟೋಬರಿನಲ್ಲಿ ಹೊಸ ಬಿಯರಿಗೆ ಪೀಪಾಯಿ ಬೇಕಾದಾಗ ಉಳಿದದ್ದನ್ನೆಲ್ಲ ಕುಡಿದು ಖಾಲಿ ಮಾಡಲೇಬೇಕು. ವರ್ಷಕ್ಕೊಂದು ಹಬ್ಬಕ್ಕೆ ಬೇಕಾದ ದಾಸ್ತಾನು ಅಲ್ಲಿ ಬಿಯರಿನ ಲೆಕ್ಕಾಚಾರದಿಂದಲೇ ಸಿಗುತ್ತಿತ್ತು. ಈಚಲ ಹೆಂಡಕ್ಕೆ ನಾಳೆ ಎಂಬುದಿಲ್ಲ. ಇಂದು ಇಳಿಸಿದ್ದು ಇಂದೇ ತೀರಬೇಕು, ಅದೂ ಮರದಿಂದ ಗಾಡಿ ಹೋಗುವಷ್ಟು ದೂರದೊಳಗೆ. ನೂರು ಮರದ ತೋಪೊಂದು ದಿನಕ್ಕೆ ನೂರಿನ್ನೂರು ಜನರನ್ನು ತಣಿಸಬಲ್ಲದೇ ಹೊರತು, ವರ್ಷಕ್ಕೊಮ್ಮೆ ಲಕ್ಷ ಜನರನ್ನಲ್ಲ.

ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಕೂಡ ಮೊದಲ ದಿನದಿಂದಲೇ ಬಿಯರಿನ ಹಬ್ಬವಾಗಿರಲಿಲ್ಲ. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್‌ಗೂ ರಾಜಕುಮಾರಿ ಥೆರೇಸೆಗೂ ಮದುವೆಯಾಯಿತು. ಆ ಸಂಭ್ರಮದ ಕೊನೆಗೆ ಊರ ಹೊರಗಿನ ಬಯಲಿನಲ್ಲಿ ಕುದುರೆ ಓಟ ನಡೆಯಿತು. ಮರುವರ್ಷ ಕುದುರೆ ಓಟದ ಜೊತೆಗೆ ಕೃಷಿ ಮತ್ತು ಜಾನುವಾರು ಪ್ರದರ್ಶನ ಸೇರಿತು. ಬಿಯರಿನ ಚಪ್ಪರಗಳು ದೊಡ್ಡದಾಗಿ ಬೆಳೆದು ಉಳಿದದ್ದನ್ನೆಲ್ಲ ನುಂಗಿದ್ದು ಆಮೇಲೆ. ಈಗ ಪ್ರತಿ ವರ್ಷ ಸುಮಾರು 60 ಲಕ್ಷ ಜನ ಅಲ್ಲಿಗೆ ಹೋಗುತ್ತಾರೆ. ಇವರಲ್ಲಿ ಎಷ್ಟು ಮಂದಿಗೆ ಅದು ದನದ ಜಾತ್ರೆಯಾಗಿತ್ತೆಂಬುದು ನೆನಪಿದೆಯೋ!

ದನದ ಜಾತ್ರೆ ಎಂದರೆ ತುಮಕೂರಿನವರಿಗೆ ನೆನಪಾಗುವುದು ಸಿದ್ಧಗಂಗೆ. ಶಿವರಾತ್ರಿಯ ಹೊತ್ತಿಗೆ ಮಠದ ಸುತ್ತಲಿನ ಬಯಲಿನಲ್ಲಿ ಹಳ್ಳಿಕಾರ್ ಎತ್ತುಗಳ ಸಾಲು, ಮಠದ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ, ತೇರು, ದಾಸೋಹ. ಗುಬ್ಬಿಯಲ್ಲಿ ಚನ್ನಬಸವೇಶ್ವರನ ಜಾತ್ರೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ತನ್ನ ಹೆಸರಿನಲ್ಲಿ ಹೊತ್ತದ್ದು ಆ ದೇವರನ್ನೇ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ, ಅಲ್ಲೂ ತೇರು. ಅಂದರೆ 1811ರ ಮ್ಯೂನಿಕ್‌ನಲ್ಲಿದ್ದ ಎಲ್ಲ ಸಾಮಗ್ರಿಯೂ ಈ ಸೀಮೆಯಲ್ಲಿದೆ. ಜಾನುವಾರು, ಬಯಲು, ಬೇಸಾಯಗಾರರು, ಸುಗ್ಗಿಯ ನಂತರದ ಬಿಡುವು, ಯಾವುದಕ್ಕೂ ಕಮ್ಮಿಯಿಲ್ಲ. ಕುಣಿಗಲ್ಲಿನಲ್ಲಿ ಕುದುರೆಯೂ ಇದೆ, ಆ ಮಾತು ಮುಂದೆ ಬರುತ್ತದೆ. ಆದರೆ ಈ ಮೂರು ಜಾತ್ರೆಗಳೂ ವೀರಶೈವ ಪರಂಪರೆಯವು. ಅಲ್ಲಿ ಹೆಂಡಕ್ಕೆ ಪ್ರವೇಶವಿಲ್ಲ, ಬಾಡಿಗೂ ಇಲ್ಲ. ಹೆಂಡ ಹೋದದ್ದು ಊರ ಅಂಚಿನ ಮಾರಮ್ಮನ ಗುಡಿಗೆ. ಕೆಲವೆಡೆ ಮಾರಿಹಬ್ಬದಲ್ಲಿ ದೇವರಿಗೆ ಮೊದಲ ಮೊಗೆ ಮೀಸಲಾಗಿತ್ತು, ಉಳಿದದ್ದು ಭಕ್ತರಿಗೆ.

ಗೆಳೆಯರ ಕೂಟಕ್ಕೆಂದೇ ಮೀಸಲಾದ ಒಂದು ದಿನ ಪಂಚಾಂಗದಲ್ಲಿ ಇದ್ದೇ ಇದೆ. ಅದು ಯುಗಾದಿಯ ಮರುದಿನದ ಹೊಸತೊಡಕು, ಅದನ್ನು ವರ್ಷತೊಡಕು ಎಂದೂ ಕರೆಯುತ್ತಾರೆ. ಹಬ್ಬದ ದಿನ ಬೇವುಬೆಲ್ಲ, ಹೋಳಿಗೆ, ದೇವರು. ಮರುದಿನ ಬಾಡು, ಇಸ್ಪೀಟು, ಹೆಂಡ. ಹಳೆಯ ಮೈಸೂರಿನ ಜಿಲ್ಲೆಗಳಲ್ಲಿ ಈ ದಿನಕ್ಕೆಂದು ವರ್ಷವಿಡೀ ಚೀಟಿ ಕಟ್ಟಿ ಹಣ ಕೂಡಿಸುವವರಿದ್ದಾರೆ. ಐದಾರು ಮನೆಯವರು ಸೇರಿ ಮರಿ ಕಡಿದು, ನೆಲದ ಮೇಲೆ ಎಲೆ ಹಾಸಿ ಗುಡ್ಡೆಗುಡ್ಡೆಯಾಗಿ ಪಾಲು ಹಾಕುತ್ತಾರೆ. ಅದು ಗುಡ್ಡೆಬಾಡು. ಪಾಲು ಮನೆಗೆ ಮುಟ್ಟಿಸಿದ ಗಂಡಸರು ತೋಪಿಗೋ ಕೆರೆಯ ಏರಿಗೋ ಹೋಗಿ ಕೂತರೆ ಇಳಿಹೊತ್ತಿನವರೆಗೆ ಏಳುವುದಿಲ್ಲ. ವರ್ಷದ ಆರಂಭದಲ್ಲಿ ಮಾಡಿದ್ದನ್ನೇ ವರ್ಷವೆಲ್ಲ ಮಾಡುತ್ತಾರೆಂಬ ನಂಬಿಕೆ ಇವರ ಪಾಲಿಗೆ ಒಳ್ಳೆಯ ನೆಪ. ಈ ಸೀಮೆಯಲ್ಲಿ ಬಿಯರ್ ಹಬ್ಬಕ್ಕೆ ತೀರ ಹತ್ತಿರದ ಆಚರಣೆ ಇದೇ. ಕರಪತ್ರವಿಲ್ಲ, ಟಿಕೆಟ್ಟಿಲ್ಲ, ವಾದ್ಯಗೋಷ್ಠಿಯಿಲ್ಲ. ಈಗ ಅಲ್ಲಿ ಹೆಂಡವೂ ಇಲ್ಲ.

ಹೆಂಡ ಇಲ್ಲವಾದ ಕತೆ ಅಬಕಾರಿಯ ಕತೆ. ಟಿಪ್ಪು ಸುಲ್ತಾನ ತನ್ನ ಆಳ್ವಿಕೆಯಲ್ಲಿ ಮದ್ಯವನ್ನು ನಿಷೇಧಿಸಿದ್ದ. ಆಮೇಲಿನ ಮೈಸೂರು ಸರ್ಕಾರಗಳು ಅದನ್ನು ಆದಾಯದ ಮೂಲವಾಗಿ ಕಂಡವು. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಹರಾಜು ಕೂಗಿ ಪೆಂಟೆ ಹಿಡಿದ ಗುತ್ತಿಗೆದಾರ ಕಟ್ಟಿದ ಹಣವನ್ನು ಕುಡಿಯುವವನಿಂದ ವಸೂಲು ಮಾಡಲೇಬೇಕು. ಮರ ಏರಿ ಕೆತ್ತುವವನು ಕೂಲಿಯವನಾದ, ಲಾಭ ಮರ ಏರದವನಿಗೆ ಹೋಯಿತು. ರಾಷ್ಟ್ರೀಯ ಚಳವಳಿಗೆ ಈಚಲು ಮರವೇ ಶತ್ರುವಾಗಿ ಕಂಡದ್ದು ಹೀಗೆ. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತನದಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಈಚಲು ಮರಗಳನ್ನು ಉರುಳಿಸಿದರು. ಸರ್ಕಾರದ ಸೇಂದಿ ವರಮಾನಕ್ಕೆ ಬಿದ್ದ ಏಟು ಅದು. ನಿಜಲಿಂಗಪ್ಪನವರು ಸೆರೆಮನೆಗೆ ಹೋದರು. ಮರಗಳದ್ದೇನೂ ತಪ್ಪಿರಲಿಲ್ಲ ಎಂದು ಇಂದಿನ ಪರಿಸರವಾದಿ ಹೇಳಬಹುದು. ಅಂದು ಹಾಗೆ ಹೇಳಿದವರನ್ನು ಗುತ್ತಿಗೆದಾರನ ಕಡೆಯವರೆಂದು ಕರೆಯುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ರಾಜ್ಯದಲ್ಲಿ ಪಾನನಿಷೇಧ ಹಂತಹಂತವಾಗಿ ಹಬ್ಬಿತು. ನಿಷೇಧದಿಂದ ಕುಡಿತ ನಿಲ್ಲಲಿಲ್ಲ, ಕಳ್ಳಭಟ್ಟಿ ಬೆಳೆಯಿತು. ಕೊನೆಗೆ 1967ರಲ್ಲಿ ನಿಷೇಧ ತೆರವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ತುರುವನೂರು ಸತ್ಯಾಗ್ರಹದ ನಿಜಲಿಂಗಪ್ಪನವರೇ. ಕೊಡಲಿ ಹಿಡಿದಿದ್ದ ಕೈಯಲ್ಲೇ ಅಬಕಾರಿಯ ಬಾಗಿಲು ತೆರೆಯಬೇಕಾಗಿ ಬಂದದ್ದಕ್ಕೆ ಕಾರಣ ರಾಜ್ಯದ ಖಜಾನೆ.

ಮರಳಿ ಬಂದ ಸೇಂದಿ ಹಳೆಯ ಹೆಂಡವಾಗಿ ಉಳಿಯಲಿಲ್ಲ. ಹರಾಜಿನ ಮೊತ್ತ ಏರಿತು, ಮರಗಳ ಸಂಖ್ಯೆ ಇಳಿಯಿತು. ಇಳಿಯುವ ರಸಕ್ಕಿಂತ ಮಾರುವ ಸೇಂದಿ ಹೆಚ್ಚಾದರೆ ನಡುವಿನ ಅಂತರವನ್ನು ತುಂಬಬೇಕಲ್ಲ. ನೀರು, ಸ್ಯಾಕರಿನ್, ಅಮಲಿಗಾಗಿ ಕ್ಲೋರಲ್ ಹೈಡ್ರೇಟ್. ಇದು ನಿದ್ದೆ ಬರಿಸುವ ರಾಸಾಯನಿಕ. ಇದರ ಚಟ ಹತ್ತಿದವನಿಗೆ ಅಸಲಿ ಹೆಂಡ ಮಜ್ಜಿಗೆಯಂತೆ ಸಪ್ಪೆಯಾಗುತ್ತದೆ, ಬಿಟ್ಟರೆ ಮೈ ನಡುಗುತ್ತದೆ. ಕಲಬೆರಕೆಯ ದೂರು ಹೆಚ್ಚಿದಾಗ 2004ರಲ್ಲಿ ರಾಜ್ಯ ಸರ್ಕಾರ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ ಸೇಂದಿಯನ್ನು ನಿಲ್ಲಿಸಿತು. ಆ ಎರಡು ಜಿಲ್ಲೆಗಳ ತೆಂಗಿನ ಕಳ್ಳು ಉಳಿದುಕೊಂಡಿತು, ಬಯಲಿನ ಈಚಲ ಹೆಂಡ ಕಾನೂನಿನಿಂದಲೇ ಹೊರಬಿತ್ತು. ಕಲಬೆರಕೆ ಮಾಡಿದವರು ಬೇರೆ ವ್ಯಾಪಾರಕ್ಕೆ ಹೋದರು, ಕಸುಬು ಕಳೆದುಕೊಂಡವರು ಮರ ಏರುವವರು. 2007ರ ಜುಲೈ 1ರಂದು ಸಾರಾಯಿಯೂ ನಿಂತಿತು. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿ, ರಮ್ಮಿನ ಟೆಟ್ರಾ ಪ್ಯಾಕಿಗೆ ತಿರುಗಿದರು. ನೂರಕ್ಕೆ ಐದು ಪಾಲಿನ ಹೆಂಡ ನಿಂತ ಊರಲ್ಲಿ ನೂರಕ್ಕೆ ನಲವತ್ತು ಪಾಲನ್ನೂ ದಾಟಿದ ಮದ್ಯ ಸುಲಭವಾಯಿತು. ಆರೋಗ್ಯದ ಲೆಕ್ಕದಲ್ಲಿ ಇದು ಯಾವ ಬಗೆಯ ಸುಧಾರಣೆಯೋ ಹೇಳುವುದು ಕಷ್ಟ.

ಖಾಲಿಯಾದ ಜಾಗಕ್ಕೆ ಬಿಯರ್ ಬಂತು. ಅದು ಕರ್ನಾಟಕಕ್ಕೆ ಹೊಸದಲ್ಲ. ಬ್ರಿಟಿಷ್ ದಂಡುಗಳ ಬಾಯಾರಿಕೆಗೆಂದು ದಕ್ಷಿಣ ಭಾರತದಲ್ಲಿ ಎದ್ದಿದ್ದ ಐದು ಬ್ರೂವರಿಗಳನ್ನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು 1915ರಲ್ಲಿ ಒಂದುಗೂಡಿಸಿದ, ಯುನೈಟೆಡ್ ಬ್ರೂವರೀಸ್ ಹುಟ್ಟಿತು. 1947ರಲ್ಲಿ ವಿಠಲ್ ಮಲ್ಯ ಅದರ ನಿರ್ದೇಶಕರಾದರು. 1978ರಲ್ಲಿ ಕಿಂಗ್‌ಫಿಷರ್ ಹೆಸರನ್ನು ವಿಜಯ್ ಮಲ್ಯ ಮತ್ತೆ ಮಾರುಕಟ್ಟೆಗೆ ತಂದರು. 2021ರಿಂದ ಕಂಪನಿಯ ಹಿಡಿತ ಡಚ್ಚರ ಹೈನೆಕೆನ್ ಕೈಯಲ್ಲಿದೆ. ಈಗ ಕುಣಿಗಲ್ಲಿನ ಕುದುರೆಯ ಮಾತು. ಟಿಪ್ಪುವಿನ ಅಶ್ವದಳಕ್ಕೆಂದು ಆರಂಭವಾಯಿತೆನ್ನುವ ಕುಣಿಗಲ್ ಕುದುರೆ ಫಾರಂ ನಾನೂರು ಎಕರೆಗೂ ಮೀರಿದ್ದು. ಅದನ್ನು 1992ರಲ್ಲಿ ಮೂವತ್ತು ವರ್ಷದ ಗುತ್ತಿಗೆಗೆ ಹಿಡಿದದ್ದು ವಿಜಯ್ ಮಲ್ಯ ಅವರ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್. ಮದ್ಯ ನಿಷೇಧಿಸಿದ ಸುಲ್ತಾನನ ಲಾಯದಲ್ಲಿ ಬಿಯರ್ ದೊರೆಯ ಜೂಜಿನ ಕುದುರೆಗಳು ಬೆಳೆದವು. ಮ್ಯೂನಿಕ್‌ನಲ್ಲಿ ಕುದುರೆ ಮೊದಲು, ಬಿಯರ್ ಆಮೇಲೆ. ಕುಣಿಗಲ್ಲಿನಲ್ಲಿ ಬಿಯರಿನ ಹಣ ಕುದುರೆಯನ್ನು ಹುಡುಕಿಕೊಂಡು ಬಂತು. ಹಬ್ಬ ಮಾತ್ರ ಇಲ್ಲಿ ಆಗಲಿಲ್ಲ, ಕುದುರೆ ಓಡಿದ್ದೂ ಬೇರೆ ಊರುಗಳ ರೇಸ್‌ಕೋರ್ಸುಗಳಲ್ಲಿ.

ಹಬ್ಬ ಆದದ್ದು ಬೆಂಗಳೂರಿನಲ್ಲಿ. ‘ಗ್ರೇಟ್ ಇಂಡಿಯನ್ ಅಕ್ಟೋಬರ್‌ಫೆಸ್ಟ್’ ಎಂಬ ಹೆಸರಿನಲ್ಲಿ ಕಿಂಗ್‌ಫಿಷರ್ ಸಂಗೀತ, ತಿಂಡಿ, ಬಿಯರ್ ಸೇರಿಸಿ ಜಾತ್ರೆ ಕಟ್ಟಿತು. 2010ರ ಆಚೀಚೆ ಇಂದಿರಾನಗರದ ಟಾಯಿಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್ ಮುಂತಾದ ಕಿರು ಬ್ರೂವರಿಗಳು ತಲೆಯೆತ್ತಿದವು. ಅಲ್ಲಿ ಕುದಿಸಿದ್ದನ್ನು ಅಲ್ಲೇ ಕೂತು ಕುಡಿಯಬೇಕು. ಯೋಚಿಸಿದರೆ ಇದು ಪೆಂಟೆಯ ಪದ್ಧತಿಯೇ, ಈಚಲ ಗರಿಯ ಚಪ್ಪರದ ಬದಲಿಗೆ ಗಾಜಿನ ಗೋಡೆ, ಗುಡಾಣದ ಬದಲಿಗೆ ತಾಮ್ರದ ಹಂಡೆ. ಬೆಲೆಯ ಮಾತು ಎತ್ತದಿರುವುದು ಒಳ್ಳೆಯದು. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಶನಿವಾರ ಬೆಳಗಿನ ರೈಲು ಹತ್ತಿ ಹೋಗಿ ರಾತ್ರಿಯ ರೈಲಿಗೆ ಮರಳುವ ಯುವಕರ ಗುಂಪಿಗೆ ಇಂಥ ಹಬ್ಬ ಒಂದು ದಿನದ ಪಯಣ. ರೈಲಿಗೆ ಹೋದರೆ ಇನ್ನೊಂದು ಅನುಕೂಲವೂ ಇದೆ, ಮರಳುವಾಗ ಹೆದ್ದಾರಿಯಲ್ಲಿ ಯಾರೂ ಸ್ಟಿಯರಿಂಗ್ ಹಿಡಿಯಬೇಕಿಲ್ಲ.

ಊರಲ್ಲೇ ಉಳಿದವರ ಕೂಟಕ್ಕೆ ಬೇರೆ ಏರ್ಪಾಡು. ವೈನ್ ಸ್ಟೋರ್ ಎಂಬ ಬೋರ್ಡಿನ ಕೆಳಗೆ ವೈನ್ ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಡಾಬಾ ಇದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಹೆದ್ದಾರಿಯ ಮೇಲೇ ಬೆಳೆದ ಊರುಗಳು ತಬ್ಬಿಬ್ಬಾದವು. ಬಳಿಕ ಪಟ್ಟಣಗಳ ಎಲ್ಲೆಯೊಳಗೆ ಆ ಕಟ್ಟು ಸಡಿಲವಾಯಿತು. 2023ರ ಜುಲೈ ಬಜೆಟ್ಟಿನಲ್ಲಿ ಬಿಯರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತು. ಸಾಧಾರಣ ಬಿಯರಿಗಿಂತ ಸ್ಟ್ರಾಂಗ್ ಬಿಯರ್ ಹೆಚ್ಚು ಖರ್ಚಾಗುವುದು ಬೆಲೆ ಏರಿದ ಊರಿನ ಸಹಜ ಗಣಿತ. ಹೊಸತೊಡಕಿನ ದಿನ ಗೆಳೆಯರು ಕೂರುವುದು ಈಗ ಯಾರದೋ ತೆಂಗಿನ ತೋಟದ ಪಂಪ್‌ಹೌಸಿನ ನೆರಳಲ್ಲಿ. ಬಾಡು ಅದೇ, ಇಸ್ಪೀಟು ಅದೇ, ತೊಟ್ಟಿಯ ನೀರಿನಲ್ಲಿ ತಣ್ಣಗಾಗಲು ಬಿಟ್ಟ ಬಾಟಲಿಗಳು ಮಾತ್ರ ಕಾರ್ಖಾನೆಯವು.

ಆ ತೆಂಗಿನ ತಲೆಯ ಮೇಲೂ ರಸವಿದೆ. ತುಮಕೂರು ರಾಜ್ಯದಲ್ಲೇ ತೆಂಗಿನ ದೊಡ್ಡ ಜಿಲ್ಲೆ. ಕೊಬ್ಬರಿಯ ಬೆಲೆ ಬಿದ್ದಾಗಲೆಲ್ಲ ನೀರಾ ಇಳಿಸಲು ಬಿಡಿ ಎಂಬ ಕೂಗು ಏಳುತ್ತಿತ್ತು. 2016–17ರ ಹೊತ್ತಿಗೆ ಸರ್ಕಾರ ಕಾನೂನು ತಿದ್ದಿ ತೆಂಗಿನ ನೀರಾಕ್ಕೆ ಅನುಮತಿ ನೀಡಿತು. ನೀರಾ ಹೆಂಡವಾಗದಂತೆ ಕಾಯುವುದೇ ಅದರ ಮುಖ್ಯ ಕೆಲಸ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಳಿಸಿ, ತಣ್ಣಗೆ ಸಾಗಿಸಿ, ತಣ್ಣಗೇ ಮಾರಬೇಕು. ಮರ ಏರುವವರು ಸಿಗುವುದೇ ದೊಡ್ಡ ಕಷ್ಟ. ಏರಬಲ್ಲವರ ಮಕ್ಕಳು ಏರುವುದನ್ನು ಕಲಿಯಲಿಲ್ಲ.

ಕೆರೆಯ ಹಿಂದಿನ ಈಚಲು ಒತ್ತುವರಿಗೆ, ಜೆಸಿಬಿಗೆ, ಇಟ್ಟಿಗೆ ಗೂಡಿಗೆ ಸಿಕ್ಕಿ ತೆಳ್ಳಗಾಗಿದೆ. ಪೊರಕೆ ಕಟ್ಟುವವರು ಗರಿಗಾಗಿ ಇನ್ನೂ ಹುಡುಕಿಕೊಂಡು ಹೋಗುತ್ತಾರೆ. ಕೆತ್ತಿಸಿಕೊಂಡ ಮುದಿಮರಗಳು ಅಲ್ಲಲ್ಲಿ ನಿಂತಿವೆ. ಅವುಗಳ ಕಾಂಡದಲ್ಲಿ ಕಚ್ಚುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿದರೆ, ಒಂದು ಎಡಕ್ಕೆ ಒಂದು ಬಲಕ್ಕೆ, ಎಷ್ಟು ವರ್ಷ ಗಡಿಗೆ ಕಟ್ಟಿದ್ದರೆಂಬ ಲೆಕ್ಕ ಸಿಗುತ್ತದೆ. ಕೊನೆಯ ಕಚ್ಚಿನಿಂದ ಮಂಡೆಯವರೆಗೆ ಕತ್ತಿ ತಾಗದ ನೇರ ಕಾಂಡ, 2004ರಿಂದೀಚೆಗೆ ಬೆಳೆದದ್ದು.